ಉಣ್ಣೆಗೆ ಮೈಲಿಗೆಯಿಲ್ಲ

ಕಲಬುರಗಿಯ ಜನ ಏನು ತಿನ್ನುತ್ತಾರೆ, ತಿಂದ ಕೈಯನ್ನು ಎಲ್ಲಿ ಒರೆಸುತ್ತಾರೆ, ಒರೆಸಿದ್ದರ ಮೇಲೆ ಕಾಲು ಚಾಚಿ ಕೂತು ಊರ ಸ್ವಚ್ಛತೆಯ ಬಗ್ಗೆ ಹೇಗೆ ಭಾಷಣ ಬಿಗಿಯುತ್ತಾರೆ ಎಂಬುದನ್ನು ಯಾರಾದರೂ ತಿಳಿಯಬೇಕೆಂದಿದ್ದರೆ ಧೀರೇಂದ್ರನ ಮಷೀನಿನ ಟ್ಯಾಂಕನ್ನು ಒಮ್ಮೆ ತೆರೆದು ನೋಡಬೇಕು. ಧೀರೇಂದ್ರ ಮಾತ್ರ ನೋಡುತ್ತಿರಲಿಲ್ಲ. ಟ್ಯಾಂಕಿನ ತಳದ ಪೈಪನ್ನು ಗಟಾರಕ್ಕೆ ಬಿಟ್ಟು, ಮುಖವನ್ನು ಆ ಕಡೆ ತಿರುಗಿಸಿ, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದ. ನೀರು ಹರಿಯುವ ಸದ್ದು ನಿಂತ ಮೇಲೆ ಮೇಲಿನ ಪೈಪಿನ ಬಾಯಿಯಿಂದಲೇ ಒಂದು ಬಕೆಟ್ ಫಿನಾಯಿಲ್ ನೀರು ಸುರಿದು, ಅದನ್ನೂ ಹೊರಗೆ ಬಿಟ್ಟರೆ ಅವನ ಲೆಕ್ಕದಲ್ಲಿ ಟ್ಯಾಂಕು ಸ್ವಚ್ಛವಾಯಿತು.

ಅವನ ಕೆಲಸ ನೆಲಕ್ಕೆ ಹಾಸುವ ಗಲೀಚಾ, ಕಾರ್ಪೆಟ್ಟು, ಸೋಫಾ ತೊಳೆದುಕೊಡುವುದು. ಮದುವೆ ಹಾಲು, ಹೋಟೆಲು, ಉಳ್ಳವರ ಮನೆ, ಎಲ್ಲಿ ಕರೆದರೂ ಹೋಗುತ್ತಾನೆ. ಮಷೀನು ಒಂದು ಕಡೆಯಿಂದ ಸೋಪಿನ ನೀರನ್ನು ಗಲೀಚಾದ ಒಳಕ್ಕೆ ಹೊಡೆಯುತ್ತದೆ, ಇನ್ನೊಂದು ಕಡೆಯಿಂದ ಅದೇ ನೀರನ್ನು ಹೊಲಸಿನ ಸಮೇತ ಎಳೆದು ಟ್ಯಾಂಕಿಗೆ ತುಂಬಿಕೊಳ್ಳುತ್ತದೆ. ಹೊಡೆಯುವುದೇನು ಮಹಾ, ಗಿಡಕ್ಕೆ ಔಷಧ ಹೊಡೆಯುವ ಪಂಪಿನಿಂದಲೂ ಹೊಡೆಯಬಹುದು. ವಿದ್ಯೆಯೆಲ್ಲ ಎಳೆಯುವುದರಲ್ಲಿದೆ. ಎಳೆತ ಗಟ್ಟಿಯಿದ್ದರೆ ಬೆಳಿಗ್ಗೆ ತೊಳೆದ ಗಲೀಚಾದ ಮೇಲೆ ಸಂಜೆ ಕೂರಬಹುದು. ಎಳೆತ ಕೈಕೊಟ್ಟರೆ ಆ ಹೊಲಸು ನೀರು ಅಲ್ಲೇ ಬುಡದಲ್ಲಿ ಉಳಿದು, ಕೊಳೆತು, ತೊಳೆಯುವ ಮೊದಲಿಗಿಂತ ಹೆಚ್ಚು ನಾರುತ್ತದೆ.

ಊರಿನ ಹೊಲಸಿನ ಬಗ್ಗೆ ಧೀರೇಂದ್ರನಿಗಿದ್ದಷ್ಟು ಹೇಸಿಗೆ ಊರಿನಲ್ಲಿ ಇನ್ನಾರಿಗೂ ಇರಲಿಕ್ಕಿಲ್ಲ. ದೊಡ್ಡ ದೊಡ್ಡ ಮನೆಗಳು. ಬಾಗಿಲಲ್ಲೇ ಚಪ್ಪಲಿ ಬಿಡಿಸುತ್ತಾರೆ, ಒಳಗೆ ಸೋಫಾದ ಸಂದಿಯಲ್ಲಿ ಕೋಳಿಯ ಎಲುಬು. ಗೋಡೆಯ ಮೇಲೆ ದೇವರ ಪಟ, ಅದರ ಕೆಳಗೆ ಗಲೀಚಾದ ಮೇಲೆ ಗುಟ್ಕಾ ಉಗುಳಿ ಟೀಪಾಯಿ ಎಳೆದು ಮುಚ್ಚಿದ ಕಲೆ. ಒಬ್ಬ ದೊಡ್ಡ ಅಧಿಕಾರಿಯ ಮಲಗುವ ಕೋಣೆಯ ಕಾರ್ಪೆಟ್ಟಿನಿಂದ ಕಾಲುಗುರಿನ ಚೂರುಗಳು ಮುಷ್ಟಿಗಟ್ಟಲೆ ಬಂದಿದ್ದವು. ಆ ಮನುಷ್ಯ ಮಂಚದ ಮೇಲೆ ಕೂತು ವರ್ಷಗಟ್ಟಲೆ ಉಗುರು ಕತ್ತರಿಸಿ ಕೆಳಗೆ ಉದುರಿಸಿದ್ದ. ಇಷ್ಟಾದರೂ ಎಲ್ಲರದೂ ಒಂದೇ ರಾಗ: “ನಮ್ಮನಿ ಗಲೀಚಾ ಏನ್ ಹೊಲಸಿಲ್ರಿ. ಹಬ್ಬ ಬಂತಂತ ಸುಮ್ನ ಒಂದ್ ಸಲ ಹೊಡಸ್ತೀವಿ.” ಪೈಪಿನಿಂದ ಗಟಾರಕ್ಕೆ ಹೋಗುವ ಕಪ್ಪು ನೀರು ಕಣ್ಣಿಗೆ ಬಿದ್ದರೆ ಮೂಗು ಮುಚ್ಚಿಕೊಂಡು ಧೀರೇಂದ್ರನನ್ನೇ ದುರುಗುಟ್ಟಿ ನೋಡುತ್ತಿದ್ದರು, ಅವನೇ ಅದನ್ನು ಎಲ್ಲಿಂದಲೋ ಹೊತ್ತು ತಂದನೆಂಬಂತೆ. ಥೂ, ಇದೊಂದು ಜನ್ಮವೇ ಎನಿಸುತ್ತಿತ್ತು ಅವನಿಗೆ.

ಇಂಥ ಮೂಗಿನ ಮನುಷ್ಯ ಇಂಥ ಕೆಲಸಕ್ಕೆ ಬಂದು ಬಿದ್ದದ್ದು ತನ್ನ ಇಷ್ಟದಿಂದಲ್ಲ. ಬಿ.ಕಾಂ. ಮುಗಿಸಿದ ಮೇಲೆ ಸೂಪರ್ ಮಾರ್ಕೆಟ್ಟಿನ ಹತ್ತಿರ ಒಂದು ಅಂಗಡಿಯಲ್ಲಿ ಈ ಮಷೀನುಗಳನ್ನು ಮಾರುವ ಕೆಲಸ ಹಿಡಿದಿದ್ದ. ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು. ಮನೆಮನೆಗೆ ಹೋಗಿ, ಫಳಫಳ ಹೊಸ ಮಷೀನಿನ ಮುಚ್ಚಳ ತೆಗೆದು, ಒಳಗಿನ ಜಾಲರಿಯನ್ನು ಬೆರಳಿನಿಂದ ಮುಟ್ಟಿ ತೋರಿಸಿ, “ಪ್ರತಿ ಸಲ ಕೆಲಸಾ ಮುಗದ ಮ್ಯಾಲೆ ಇದೊಂದು ಬಿಚ್ಚಿ ತೊಳೀರಿ ಸಾಕು, ಎಳಿಯೂದು ಎಂದೂ ಕಡಿಮಿ ಆಗೂದಿಲ್ಲ” ಎಂದು ಪಾಠ ಒಪ್ಪಿಸುತ್ತಿದ್ದ. ಮಷೀನು ಕೊಂಡವರು ಬೆರಳೆಣಿಕೆಯಷ್ಟು. ಅಂಗಡಿ ಮುಚ್ಚಿತು, ತೋರಿಸಲು ಇಟ್ಟ ಒಂದು ಮಷೀನು ಅವನ ಪಾಲಿಗೆ ಉಳಿಯಿತು. ನೌಕರಿ ಸಿಗುವವರೆಗೆ ಅಂದುಕೊಂಡು ಹಿಡಿದದ್ದು ಹೊಟ್ಟೆಪಾಡಾಗಿ ನಿಂತುಬಿಟ್ಟಿತು. ಹೆಣ್ಣು ನೋಡಲು ಹೋದ ಕಡೆ ಮಾವನಾಗುವವರು “ಏನು ಮಾಡ್ತೀರಿ?” ಎಂದರೆ “ಕ್ಲೀನಿಂಗ್ ಬಿಸಿನೆಸ್” ಎನ್ನುತ್ತಿದ್ದ. “ಅಂದ್ರ ಏನು ತೊಳೀತೀರಿ?” ಎಂಬ ಮುಂದಿನ ಪ್ರಶ್ನೆಗೆ ಉತ್ತರ ಕೊಟ್ಟ ಕಡೆಯೆಲ್ಲ ಸಂಬಂಧ ಅವಲಕ್ಕಿಯ ತಟ್ಟೆಯ ಹತ್ತಿರವೇ ಮುಗಿಯುತ್ತಿತ್ತು. ನಲವತ್ತರ ಹೊಸ್ತಿಲಲ್ಲಿ ಅವನು ಆ ಓಡಾಟವನ್ನೂ ಬಿಟ್ಟಿದ್ದ.

ಮನೆ ಬ್ರಹ್ಮಪುರದಲ್ಲಿ. ಮನೆಯಲ್ಲಿ ಅವನು ಮತ್ತು ತಾಯಿ ಜಾನಕೀಬಾಯಿ, ಇಬ್ಬರೇ. ಜಾನಕೀಬಾಯಿಯ ಮಡಿ ಓಣಿಗೆಲ್ಲ ಗೊತ್ತು. ಮಗ ಕೆಲಸದಿಂದ ಬಂದರೆ ಹಿತ್ತಲ ಬಾಗಿಲಿಂದ ಬಂದು, ಅಲ್ಲೇ ತಲೆಗೆ ನೀರು ಹಾಕಿಕೊಂಡು, ಒಗೆದ ಪಂಚೆ ಉಟ್ಟ ಮೇಲೆಯೇ ಅಡುಗೆಮನೆಯ ಹೊಸ್ತಿಲು. ಮಷೀನು ಹಿತ್ತಲ ದಾಟಿ ಒಳಗೆ ಬರುವ ಹಾಗಿರಲಿಲ್ಲ. ಅದನ್ನು ಅವರು ಹೆಸರು ಹಿಡಿದು ಕರೆಯುತ್ತಲೂ ಇರಲಿಲ್ಲ, ಉದ್ದ ಪೈಪನ್ನು ಆನೆಯ ಸೊಂಡಿಲು ಮಾಡಿ “ಊರ ಎಂಜಲಾ ಕುಡಿಯೂ ಸೊಂಡಿ” ಎನ್ನುತ್ತಿದ್ದರು.

ನಗುವ ಮಾತೆಂದರೆ ಆ ಮಷೀನಿಗೆ ಧೀರೇಂದ್ರನೂ ಒಂದು ಮಡಿ ಮಾಡಿದ್ದ. ಬೇರೆ ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಶಹಾಬಜಾರಿನ ಬುರ್ಹಾನುದ್ದೀನ್ ಅವನ ಜೊತೆಗಾರ. ಸೋಫಾ ಕವರು ಹೊಲಿಯುವುದು ಅವನ ಕಸುಬು, ಇಬ್ಬರಿಗೂ ಗಿರಾಕಿಗಳು ಒಂದೇ ಆದ್ದರಿಂದ ಅವನ ಟಂಟಂ ಗಾಡಿಯಲ್ಲೇ ಮಷೀನನ್ನು ಹೇರಿಕೊಂಡು ಕೂಡಿ ಹೋಗುತ್ತಿದ್ದರು. ಅಂಥವನು ಹತ್ತಿಸಲು ಕೈ ಹಾಕಿದರೂ “ಇರ್ಲಿ ಬುರ್ಹಾನ್‌ಭಾಯ್, ನಾ ನೋಡ್ಕೋತೀನಿ” ಎಂದು ತಡೆಯುತ್ತಿದ್ದ. ದಿನಾ ಸಂಜೆ ಮೇಲ್ಭಾಗವನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸಿ, ಒಣ ಬಟ್ಟೆಯಿಂದ ತಿಕ್ಕಿ ಹೊಳಪು ಬರಿಸುತ್ತಿದ್ದ. ಖಂಡೇನವಮಿಯ ಆಯುಧಪೂಜೆಗೆ ಅರಿಸಿನ ಕುಂಕುಮ, ಚೆಂಡುಹೂವಿನ ಮಾಲೆ. ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು ಎಂಬ ಗಾದೆ ಮಷೀನಿಗೂ ಹೊಂದುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಇಷ್ಟು ಮಡಿಯ ಮನೆಯಲ್ಲಿ ಒಂದು ವಸ್ತುವನ್ನು ಮಾತ್ರ ಎಂದೂ ತೊಳೆದಿರಲಿಲ್ಲ. ಅದು ದೇವರಮನೆಯ ಎದುರಿನ ಪಡಸಾಲೆಯಲ್ಲಿ ಹಾಸಿದ ಉಣ್ಣೆಯ ಗಲೀಚಾ. ನಿಜಾಮರ ಕಾಲದಲ್ಲಿ ಅಜ್ಜ ವಾರಂಗಲ್ಲಿನಿಂದ ತಂದದ್ದಂತೆ. ಧೀರೇಂದ್ರನ ತಂದೆ ವಾಸುದೇವರಾಯರು ಕಚೇರಿ ಬಿಟ್ಟ ಮೇಲಿನ ಆಯುಷ್ಯವನ್ನೆಲ್ಲ ಅದರ ಮೇಲೆ, ಕಂಬಕ್ಕೆ ಬೆನ್ನು ಕೊಟ್ಟು, ಪುರಾಣ ಓದುತ್ತ ಕಳೆದಿದ್ದರು. “ಉಣ್ಣೆಗೆ ಮೈಲಿಗೆಯಿಲ್ಲ” ಎಂದು ಅವರು ಹೇಳಿದ್ದರು. ಉಣ್ಣೆಯ ಧಾಬಳಿ ಉಟ್ಟರೆ ಹೇಗೆ ಮಡಿಯೋ ಗಲೀಚಾವೂ ಹಾಗೆಯೇ, ಅದನ್ನು ಝಾಡಿಸುವುದು ಬೇಡ, ಒಗೆಯುವುದು ಬೇಡ, ಎತ್ತುವುದೂ ಬೇಡ. ಜಾನಕೀಬಾಯಿಗೆ ಗಂಡನ ಮಾತು ವೇದ. ಮಾತು ಕೊಟ್ಟರೆ ತಪ್ಪದ ಮನುಷ್ಯ ಎಂಬುದಕ್ಕೆ ಅವರು ಬಂದವರಿಗೆಲ್ಲ ಒಂದೇ ಉದಾಹರಣೆ ಹೇಳುತ್ತಿದ್ದರು. ರಾಯರಿಗೆ ಮೂಗಿಗೆ ಏರಿಸುವ ನಸ್ಯದ ಚಟ ವಿಪರೀತವಿತ್ತು. ಹೆಂಡತಿಗೆ ಅದರ ವಾಸನೆ ಕಂಡರಾಗದು. ಒಮ್ಮೆ ಮಠದಲ್ಲಿ ಸ್ವಾಮಿಗಳ ಎದುರಿಗೆ “ಬಿಟ್ಟೆ” ಎಂದರು, ಬಿಟ್ಟರು. “ಡಬ್ಬಿ ಅಲ್ಲೇ ಒಗದು ಬಂದ್ರು. ಮತ್ತ ಮುಟ್ಟಲಿಲ್ಲ” ಎಂದು ಜಾನಕೀಬಾಯಿ ಹೆಮ್ಮೆಯಿಂದ ಹೇಳುತ್ತಿದ್ದರು.

ರಾಯರು ತೀರಿಕೊಂಡ ಮೇಲೆ ಅವರು ಕೂರುತ್ತಿದ್ದ ಜಾಗದಲ್ಲೇ ಜಾನಕೀಬಾಯಿ ಜಪಕ್ಕೆ ಕೂರತೊಡಗಿದರು. ಕೆಮ್ಮು ಶುರುವಾದದ್ದೂ ಆಮೇಲೆಯೇ. ಮೊದಮೊದಲು ಜಪದ ನಡುವೆ ಒಂದೆರಡು ಸಲ, ಆಮೇಲೆ ಮಣಿ ಮಣಿಗೂ. ಈ ವರ್ಷ ಉಸಿರು ಸಿಳ್ಳು ಹಾಕಲು ಹತ್ತಿತು. ಔಷಧ, ಕಷಾಯ, ಹಬೆ ಎಲ್ಲ ಮುಗಿದವು. ಕೊನೆಗೆ ಡಾಕ್ಟರು, “ಮನ್ಯಾಗ ಧೂಳು ಎಲ್ಲದ ಹುಡುಕಿ ತಗೀರಿ. ಇಲ್ಲಾಂದ್ರ ಈ ಚಳಿಗಾಲ ಕಷ್ಟ ಅದ” ಎಂದು ಧೀರೇಂದ್ರನನ್ನು ಹೊರಗೆ ಕರೆದು ಹೇಳಿದರು. ಹುಡುಕುವುದೇನಿತ್ತು? ತಾಯಿ ಎದ್ದು ಹೋದ ಮೇಲೆ ಬಿಸಿಲ ಕೋಲಿನಲ್ಲಿ ಗಲೀಚಾದಿಂದ ಏಳುವ ಪುಡಿಯನ್ನು ಅವನು ದಿನಾ ನೋಡುತ್ತಿದ್ದ. ಊರವರ ಧೂಳು ಎಳೆಯುವವನ ಮನೆಯಲ್ಲೇ ಈ ಗತಿಯೆಂದು ಅವನಿಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತು.

“ಆಯಿ, ಅದನ್ನ ನಾ ತೊಳದು ಕೊಡ್ತೀನಿ.”

“ಉಣ್ಣಿಗೆ ಮೈಲಗಿ ಇಲ್ಲ ಅಂತ ನಿಮ್ಮಪ್ಪ ಹೇಳ್ಯಾರ. ಅವರಕಿಂತ ನೀ ಶಾಣ್ಯಾ ಏನು?”

“ಮೈಲಗಿ ಇರಲಿಕ್ಕಿಲ್ಲ. ಧೂಳದ ಅಲಾ?”

“ಊರ ಮಂದಿ ಉಗುಳು ಜಗ್ಗಿದ ಸೊಂಡಿ ತಂದು ದೇವರ ಮುಂದಿನ ಗಲೀಚಾಕ್ಕ ಹಚ್ಚತೀ? ನನ್ನ ಜೀವಾ ಹೋದ ಮ್ಯಾಲೆ ಹಚ್ಚು!”

ಜೀವ ಹೋಗುವ ಮಾತು ಬಾಯಿಂದ ಬಂದದ್ದೇ ತಡ, ಕೆಮ್ಮು ಹತ್ತಿ, ಗೋಡೆ ಹಿಡಿದು ಕುಸಿದು ಕೂತರು. ಮುಖ ನೀಲಿಗಟ್ಟಿತು. ಅಂದು ಸಂಜೆ ಅವರೇ ಮಗನನ್ನು ಕರೆದು ಒಂದು ಷರತ್ತು ಹಾಕಿದರು. ಮಷೀನು ಒಳಗೆ ಹೊರಗೆ ತೊಳೆದಿರಬೇಕು. ಮುಂಜಾನೆ ತೊಳೆದ ಗಲೀಚಾ ಸಂಜೆಯ ಜಪಕ್ಕೆ ಒಣಗಿರಬೇಕು. “ಒದ್ದಿ ಉಣ್ಣಿ ಹೆಂಗ ನಾರ್ತದ ಅಂತ ನಂಗ ಗೊತ್ತದ. ದೇವರ ಮುಂದ ಆ ನಾತಾ ಬಂತಂದ್ರ ಅದನ್ನ ಹಂಗ ಹಾಸ್ಕೊಂಡು ಸಾಯ್ತೀನಿ, ಮತ್ತ ಆ ಮಾತು ಎತ್ತಬಾರದು.” ಹೇಳಿದಂತೆ ಮಾಡುವ ಹೆಂಗಸು. ಒಂದೇ ಅವಕಾಶ ಸಿಕ್ಕಿತ್ತು ಧೀರೇಂದ್ರನಿಗೆ, ಎರಡನೆಯದು ಸಿಗುವ ಹಾಗಿರಲಿಲ್ಲ.

ಇತ್ತ ಮಷೀನಿನ ಎಳೆತವೋ, ತಿಂಗಳು ತಿಂಗಳಿಗೆ ಇಳಿಯುತ್ತ ಬಂದಿತ್ತು. ಮೊದಲೆಲ್ಲ ಪೈಪಿನ ಬಾಯಿಗೆ ಅಂಗೈ ಒಡ್ಡಿದರೆ ಚರ್ಮ ಕಿತ್ತುಬರುವಂತೆ ಹಿಡಿಯುತ್ತಿತ್ತು. ಈಗ ಹಲ್ಲಿಲ್ಲದ ಮುದುಕ ಮಾವಿನಹಣ್ಣು ಚೀಪಿದಂತೆ ಚೀಪುತ್ತಿತ್ತು. ಧೀರೇಂದ್ರ ಪೈಪು ಬದಲಿಸಿದ. ಮುಚ್ಚಳದ ರಬ್ಬರು ಬದಲಿಸಿದ. ನೆಲಕ್ಕೆ ತಾಗುವ ಹಿಡಿಕೆಯ ಸೀಳಿನಲ್ಲಿ ಕೂತ ಕೂದಲನ್ನು ಸೂಜಿಯಿಂದ ಕಿತ್ತ. ಮೋಟಾರಿಗೆ ಹೊಸ ತಂತಿ ಸುತ್ತಿಸಿದ. ಮೋಟಾರು ಸುತ್ತುವವ “ಮೋಟಾರ್ ಛಲೋ ಅದರಿ, ಸುಮ್ನ ಬಿಚ್ಚಿಸಿದ್ರಿ” ಎಂದ. ಕೈಗೆ ಹೊಲಸು ತಾಗದ ಭಾಗಗಳೆಲ್ಲ ಹೊಸದಾದವು. ಎಳೆತ ಮಾತ್ರ ಇದ್ದಲ್ಲೇ ಇತ್ತು.

ಅಷ್ಟರಲ್ಲಿ ಕಮಲಾಪುರದಿಂದ ಕರೆ ಬಂತು. ಅಲ್ಲಿನ ಮಹಾದೇವಪ್ಪನ ಮದುವೆ ಹಾಲಿನ ವೇದಿಕೆಗೆ ದಪ್ಪ ಉಣ್ಣೆಯ ಕೆಂಪು ಕಾರ್ಪೆಟ್ಟಿದೆ. ಅವನಿಗೆ ಅದೆಂದರೆ ಪ್ರಾಣ. ಹಿಂದಿನ ದಿನ ದೊಡ್ಡದೊಂದು ಮದುವೆ ಮುಗಿದಿತ್ತು. ಧೀರೇಂದ್ರ, ಬುರ್ಹಾನುದ್ದೀನ್ ಹೋಗಿ ನೋಡಿದರೆ ವೇದಿಕೆ ವೇದಿಕೆಯಾಗಿರಲಿಲ್ಲ. ತುಳಿದ ಕೆಂಪು ಬಾಳೆಯ ಹಣ್ಣು ಸಿಪ್ಪೆಸಮೇತ ಉಣ್ಣೆಗೆ ಮೆತ್ತಿತ್ತು. ಅಕ್ಷತೆ, ಮೈಸೂರುಪಾಕಿನ ತುಪ್ಪ, ಯಾವುದೋ ಕೂಸು ಮಾಡಿದ್ದು, ಅದರ ಮೇಲೆ ಯಾರೋ ಗುಲಾಬಿ ಎಸಳು ಉದುರಿಸಿದ್ದು. ಮದುಮಕ್ಕಳು ನಿಂತು ಫೋಟೋ ತೆಗೆಸಿಕೊಂಡ ಜಾಗದ ಹಿಂದೆಯೇ ಎಲೆಅಡಿಕೆಯ ಪಿಚಕಾರಿ. ಧೀರೇಂದ್ರ ಮುಖ ತಿರುಗಿಸಿಕೊಂಡೇ ಹಿಡಿಕೆ ಹಿಡಿದ. ಬೇಗ ಮುಗಿದರೆ ಸಾಕೆಂದು ಸೋಪಿನ ನೀರು ಧಾರಾಳ ಹೊಡೆದ. ಮಷೀನು ಗುರ್‌ಗುಟ್ಟಿತು, ಅರ್ಧ ನೀರು ಎಳೆಯಿತು, ಅರ್ಧ ಅಲ್ಲೇ ಬಿಟ್ಟಿತು. ಮೇಲೆ ನೋಡಲು ಕೆಂಪಗೆ ಚೆಂದವಾಗಿ ಕಂಡಿತು. ಹಾಲಿನ ಆಳುಗಳು ಒಣಗುವುದನ್ನು ಕಾಯದೆ ಸುತ್ತಿ ಮೂಲೆಗೆ ನಿಲ್ಲಿಸಿದರು.

ಕೆಲವು ದಿನ ಬಿಟ್ಟು ಮಹಾದೇವಪ್ಪನ ಫೋನು. “ಏನ್ರೀ, ಕಾರ್ಪೆಟ್ ತೊಳದು ಹೋದ್ರ್ಯೋ, ಒಳಗ ಕುರಿ ಕೊಂದು ಸುತ್ತಿಟ್ಟು ಹೋದ್ರ್ಯೋ? ನಾಳಿ ನಿಶ್ಚಯ ಅದ, ಹಾಲ್ ತುಂಬ ನಾತ ಹೊಡ್ಯಾಕತ್ತದ. ಬಂದು ನೋಡ್ರಿ ನಿಮ್ಮ ಕೆಲಸಾ!”

ಧೀರೇಂದ್ರ ಫೋನು ಕಿಸೆಗಿಟ್ಟು ಪಡಸಾಲೆಯ ಕಡೆ ನೋಡಿದ. ತಾಯಿ ಗಲೀಚಾದ ಮೇಲೆ ಕೂತು, ಜಪಮಣಿ ಕೈಯಲ್ಲಿ ಹಿಡಿದು, ಉಸಿರಿಗೆ ಬಾಯಿ ತೆರೆಯುತ್ತಿದ್ದರು. ಕಮಲಾಪುರದ ನಾತ ನಾಳೆ ಇಲ್ಲಿ ಎದ್ದರೆ ಎಲ್ಲ ಮುಗಿದಂತೆ.

ಬುರ್ಹಾನುದ್ದೀನನ ಗಾಡಿಗೆ ಮಷೀನು ಹೇರಿ ಇಬ್ಬರೂ ತಾಜಸುಲ್ತಾನಪುರ ದಾಟಿ ಮತ್ತೆ ಕಮಲಾಪುರಕ್ಕೆ ಹೋದರು. ಹಾಲಿಗೆ ಹೋಗಿ ಕಾರ್ಪೆಟ್ಟು ಬಿಚ್ಚಿಸಿದರೆ ಆಳುಗಳು ನಾಲ್ಕು ಹೆಜ್ಜೆ ಹಿಂದೆ ಸರಿದರು. ಉಣ್ಣೆಯ ಬುಡದಲ್ಲಿ ಬಿಳಿ ಬೂಸಲು. ಬಾಳೆಹಣ್ಣಿನ ಹುಳಿ, ಕೂಸಿನ ಹೊಲಸು, ಒದ್ದೆ ಕುರಿಯ ವಾಸನೆ, ಮೂರೂ ಕೂಡಿ ಎದ್ದುಬಂದವು. ಮಹಾದೇವಪ್ಪ ಟವೆಲ್ಲಿನಿಂದ ಮೂಗು ಮುಚ್ಚಿಕೊಂಡು, “ಇದಕ್ಕ ತೊಳಿಯೂದು ಅಂತಾರ? ಇದರಕಿಂತ ಮೊದಲಿನ ಹೊಲಸೇ ಛಲೋ ಇತ್ತಲ್ರಿ!” ಎಂದು ಕೂಗಾಡಿ ಹೊರಗೆ ಹೋದ. ಅವನು ಬೈದದ್ದರಲ್ಲಿ ತಪ್ಪಿರಲಿಲ್ಲ.

ಧೀರೇಂದ್ರ ಮಷೀನು ಚಾಲೂ ಮಾಡಿ ಪೈಪಿನ ಬಾಯಿಗೆ ಅಂಗೈ ಇಟ್ಟ. ಚೀಪಿತು. ಪೈಪು ಕಳಚಿ ಟ್ಯಾಂಕಿನ ಬಾಯಿಗೇ ಅಂಗೈ ಇಟ್ಟ. ಅಲ್ಲೂ ಅಷ್ಟೇ. ಅಂದರೆ ಪೈಪಿನದಲ್ಲ, ಹಿಡಿಕೆಯದಲ್ಲ. ಮೋಟಾರು ಅತ್ತ ಸಿಂಹದಂತೆ ಕೂಗುತ್ತಿದೆ. ನಡುವೆ ಉಳಿದದ್ದು ಟ್ಯಾಂಕಿನ ಒಳಗು ಒಂದೇ. ನೀರು ತುಂಬಿ ಮೋಟಾರಿಗೆ ಹೋಗಬಾರದೆಂದು ಮುಚ್ಚಳದ ಕೆಳಗೆ ಒಂದು ಜಾಲರಿ, ಅದರೊಳಗೆ ತೇಲುವ ಚೆಂಡು. ಗಾಳಿಯೆಲ್ಲ ಆ ಜಾಲರಿಯ ಮೂಲಕವೇ ಹೋಗಬೇಕು. ಇದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಮನೆಮನೆಗೆ ಹೋಗಿ ಬಾಯಿಪಾಠ ಒಪ್ಪಿಸಿದವನೇ ಅವನು. ಮಷೀನು ಹಳತಾದ ಮೇಲೆ ಒಂದು ದಿನವೂ ಅದಕ್ಕೆ ಕೈ ಹಾಕಿರಲಿಲ್ಲ, ಹಾಕಬೇಕೆಂಬ ಯೋಚನೆ ಬಂದಾಗಲೆಲ್ಲ ಹೊಸ ಪೈಪು ಕೊಂಡು ತಂದಿದ್ದ, ಅಷ್ಟೇ.

ಮುಚ್ಚಳ ತೆಗೆದ. ಒಳಗಿನಿಂದ ಬಂದ ಹಬೆಗೆ ಕಣ್ಣಲ್ಲಿ ನೀರು ಬಂತು. ಜಾಲರಿ ಇರಬೇಕಾದ ಜಾಗದಲ್ಲಿ ಕಪ್ಪಗೆ, ಲೋಳೆಯಾಗಿ, ಸತ್ತ ಹೆಗ್ಗಣದಂಥದ್ದೊಂದು ತೂಗುತ್ತಿತ್ತು. ರಬ್ಬರಿನ ಕೈಗವಸು ಹಾಕಿ ಪ್ರಯತ್ನಿಸಿದ. ಜಾಲರಿಯ ಕೊಂಡಿ ಬಿಚ್ಚಲು ಉಗುರೇ ಬೇಕು, ದಪ್ಪ ರಬ್ಬರಿಗೆ ಅದು ಸಿಗಲೊಲ್ಲದು. ಕಡ್ಡಿ ಹಾಕಿದ, ಕಡ್ಡಿ ಲೋಳೆಯಲ್ಲಿ ಹೂತು ಮುರಿಯಿತು.

ಬುರ್ಹಾನುದ್ದೀನ್ ಅವನ ಮುಖ ನೋಡಿ ತೋಳು ಮಡಿಸಿದ. “ಹಟೋ ಧೀರುಭಾಯ್. ನಿಮಗ ಆಗಂಗಿಲ್ಲ ಇದು. ನಾ ತೆಗೀತೀನಿ.”

ಧೀರೇಂದ್ರ ಸರಿದು ನಿಂತದ್ದು ನಿಜ. ಸರಿದ ಮೇಲೆ ನಾಚಿಕೆಯಾಯಿತು. ಹೊರಗೆ ಒರೆಸಿ ಹೊಳಪು ಬರಿಸುವಾಗ ಮುಟ್ಟಗೊಡದ ಮನುಷ್ಯನನ್ನು ಈಗ ಒಳಗಿನ ಹೇಸಿಗೆಗೆ ಕರೆಯಬೇಕೆ? ಹೂವಿಗೆ ತನ್ನ ಕೈ, ಹೊಲಸಿಗೆ ಅವನ ಕೈಯೆ? ಥೂ, ಎಂದುಕೊಂಡ. ಈ ಸಲ ಊರಿಗಲ್ಲ, ತನಗೆ.

“ಬ್ಯಾಡ ಭಾಯ್. ಇದು ನಾ ಬೆಳಸಿದ್ದು” ಎಂದವನೇ ಕೈಗವಸು ಕಿತ್ತೊಗೆದು ಬರಿಗೈ ಒಳಗೆ ಹಾಕಿದ.

ಬೆಚ್ಚಗಿತ್ತು. ಅದೇ ಎಲ್ಲಕ್ಕಿಂತ ಅಸಹ್ಯ. ಬೆರಳುಗಳು ಲೋಳೆಯಲ್ಲಿ ಮಣಿಕಟ್ಟಿನವರೆಗೆ ಇಳಿದವು. ಉಗುರಿನಿಂದ ಕೊಂಡಿ ಬಿಚ್ಚಿ ಎಳೆದರೆ ಜಾಲರಿ ಪಚಕ್ಕೆಂದು ಕೈಗೆ ಬಂತು. ಕೂದಲು, ಉಣ್ಣೆಯ ಎಳೆ, ಜರಿಯ ಚೂರು, ಅಡಿಕೆ, ಅನ್ನದ ಅಗುಳು, ಉಗುರುಬಣ್ಣದ ಚಕ್ಕೆ, ಖಂಡೇನವಮಿಯ ಕುಂಕುಮ, ಎಲ್ಲ ಸೇರಿ ಹೆಣೆದುಕೊಂಡ ಒಂದು ಕಂಬಳಿ ಜಾಲರಿಯನ್ನು ಸುತ್ತಿತ್ತು. ಎಷ್ಟೋ ಮನೆಗಳು, ಎಷ್ಟೋ ಮದುವೆಗಳು. ಬಿಡಿಸುತ್ತ ಬಿಡಿಸುತ್ತ ಅವನು ತಡೆಯಲಾರದೆ ಹಾಲಿನ ಹಿಂದಿನ ಬಾಳೆಗಿಡಗಳ ಬುಡಕ್ಕೆ ಓಡಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿದ. ಬಾಯಿ ತೊಳೆದು ಬಂದು ಮತ್ತೆ ಕೂತ. ಜಾಲರಿಯ ಕಣ್ಣುಗಳು ಒಂದೊಂದಾಗಿ ತೆರೆದು, ಆಚೆಯ ಬೆಳಕು ಕಾಣುವವರೆಗೂ ಏಳಲಿಲ್ಲ.

ಮುಚ್ಚಳ ಹಾಕಿ ಚಾಲೂ ಮಾಡಿದಾಗ ಮಷೀನಿನ ದನಿಯೇ ಬೇರೆ. ಹಿಡಿಕೆ ಕಾರ್ಪೆಟ್ಟಿಗೆ ಕಚ್ಚಿಕೊಂಡಿತು, ದೂಡಲು ಇಬ್ಬರ ಬಲ ಬೇಕಾಯಿತು. ಹಳೆಯ ನೀರು ಬುಡದಿಂದ ಕಿತ್ತು ಬಂತು. ಎಳೆದ ಜಾಗದ ಮೇಲೆ ಕಾಲಿಟ್ಟರೆ ಪಾದಕ್ಕೆ ಪಸೆ ತಾಗುತ್ತಿರಲಿಲ್ಲ. ಆಮೇಲೆ ಅಂಗಳದ ಬಿಸಿಲಿಗೆ ಹಾಕಿದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಮಹಾದೇವಪ್ಪ ಬಂದು, ಬಗ್ಗಿ, ಮೂಗು ಹಚ್ಚಿ ನೋಡಿ, ಒಳಗೆ ಹೋಗಿ ಒಂದು ಚಿಪ್ಪು ಕೆಂಪು ಬಾಳೆಹಣ್ಣು ತಂದಿಟ್ಟ.

ಹಸಿವು ಪ್ರಾಣ ಹಿಂಡುತ್ತಿತ್ತು, ಆದರೆ ಧೀರೇಂದ್ರ ಹಣ್ಣಿಗೆ ಕೈ ಚಾಚಲಾರದೆ ಕೂತ. ಸೋಪು ಹಾಕಿ ಎಷ್ಟು ಸಲ ತೊಳೆದರೂ ಆ ಕೈ ಅವನದೆನಿಸುತ್ತಿರಲಿಲ್ಲ. ಬುರ್ಹಾನುದ್ದೀನ್ ಒಂದು ಹಣ್ಣು ಸುಲಿದು ಅವನ ಬಾಯಿಯ ಹತ್ತಿರ ಹಿಡಿದ. ಇಷ್ಟು ವರ್ಷ ಒಂದೇ ಗಾಡಿಯಲ್ಲಿ ತಿರುಗಿದ್ದರೂ ಅವನ ಕೈಯ ನೀರನ್ನು ಸಹ ಧೀರೇಂದ್ರ ಮುಟ್ಟಿರಲಿಲ್ಲ. ಪ್ರತಿ ಸಲ ಒಂದು ನೆವ ಇರುತ್ತಿತ್ತು, ಅದು ನೆವವೆಂದು ಇಬ್ಬರಿಗೂ ಗೊತ್ತಿತ್ತು. ಧೀರೇಂದ್ರ ಬಾಯಿ ತೆರೆದ. ಆ ಹೊತ್ತಿಗೆ ಅವನಿಗೆ ತನ್ನ ಕೈಗಿಂತ ಆ ಕೈ ಮಡಿಯಾಗಿತ್ತು.

“ಖಾವ್, ಖಾವ್” ಎಂದು ಬುರ್ಹಾನುದ್ದೀನ್ ನಕ್ಕ. “ಆಯಿಗೆ ನಾ ಹೇಳಂಗಿಲ್ಲ.”

ಮರುದಿನ ಮುಂಜಾನೆ ಧೀರೇಂದ್ರ ಹಿತ್ತಲಲ್ಲಿ ಕೂತು ಟ್ಯಾಂಕನ್ನು ಬಿಸಿನೀರಿನಲ್ಲಿ ಕೈಯಾರೆ ತಿಕ್ಕಿ ತೊಳೆದ. ಧಾಬಳಿ ಉಟ್ಟು ಬಾಗಿಲಲ್ಲಿ ನಿಂತ ಜಾನಕೀಬಾಯಿ ನೋಡುತ್ತಲೇ ಇದ್ದರು.

“ಒಳಗ ಯಾರು ತೊಳದ್ರು?”

“ನಾನ.”

“ಕೈ ಹಾಕಿದಿ?”

“ಹಾಕಿದೆ, ಆಯಿ.”

ಅವರು ಮೂಗು ಮುರಿದರು, ಏನೋ ಅನ್ನಲು ಹೋಗಿ ಕೆಮ್ಮಿದರು. “ಸಂಜೀಗೆ ಒಣಗಬೇಕು” ಎಂದಷ್ಟೇ ಹೇಳಿ ದಾರಿ ಬಿಟ್ಟರು.

ಉಗುರುಬೆಚ್ಚಗಿನ ನೀರು, ಚೂರೇ ಚೂರು ಸೋಪು. ಮೊದಲ ಪಟ್ಟೆ ಎಳೆದಾಗ ಪೈಪಿನ ಪಾರದರ್ಶಕ ತುಂಡಿನಲ್ಲಿ ಇದ್ದಿಲು ಕಲಸಿದಂಥ ನೀರು ಓಡಿತು. ಜಾನಕೀಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡರು.

“ಇದು ಎಲ್ಲಿಂದು? ಕಮಲಾಪುರದ್ದು ಉಳದಿತ್ತೇನು?”

ಊರವರೆಲ್ಲ ಕೇಳುವ ಪ್ರಶ್ನೆಯೇ. ಧೀರೇಂದ್ರ ವಾದಕ್ಕಿಳಿಯಲಿಲ್ಲ. ಟ್ಯಾಂಕು ಖಾಲಿ ಮಾಡಿ, ಅವರ ಕಣ್ಣೆದುರಿಗೇ ಬಾವಿಯಿಂದ ಸೇದಿದ ನೀರು ಹಾಕಿ ಜಾಲಾಡಿಸಿ, ತಿಳಿಯಾಗಿ ಬಂದದ್ದನ್ನು ತೋರಿಸಿ, ಮತ್ತೆ ಎಳೆದ. ಮತ್ತೆ ಅದೇ ಕಪ್ಪು.

“ಇದರ ಮ್ಯಾಲೆ ನಾ ಹೊರಗಿನವ್ರನ್ನ ಯಾರನ್ನೂ ಹತ್ತಗೊಟ್ಟಿಲ್ಲಲ್ಲೋ ಧೀರೂ” ಎಂದರು. ದನಿ ಸಣ್ಣದಾಗಿತ್ತು.

“ಹತ್ತಗೊಟ್ಟಿಲ್ಲ, ಆಯಿ.”

ಅವರು ಹೊಸ್ತಿಲ ಮೇಲೆ ಕೂತರು. ಧೀರೇಂದ್ರ ಎಳೆಯುತ್ತ ಎಳೆಯುತ್ತ ಕಂಬದ ಹತ್ತಿರ ಬಂದ. ಅದು ತಂದೆ ಕೂರುತ್ತಿದ್ದ, ಈಗ ತಾಯಿ ಕೂರುವ ಜಾಗ. ಅಲ್ಲಿ ಬೆಚ್ಚನೆಯ ನೀರು ಬಿದ್ದದ್ದೇ ತಡ, ಬೇರೆಯದೇ ಒಂದು ಘಾಟು ಎದ್ದಿತು. ಪೈಪಿನಲ್ಲಿ ಬಂದ ನೀರು ಕಪ್ಪಲ್ಲ, ಗಟ್ಟಿ ಚಹಾದ ಬಣ್ಣ. ಧೀರೇಂದ್ರ ಸೀನಿದ. ಇನ್ನೊಮ್ಮೆ ಸೀನಿದ. ಹೊಸ್ತಿಲಲ್ಲಿ ಜಾನಕೀಬಾಯಿಯೂ ಸೀನಿದರು. ಗಲೀಚಾದ ಅಂಚು ಎತ್ತಿ ನೋಡಿದರೆ, ಕಂಬದ ಬದಿಯಲ್ಲಿ, ಕೈಗೆ ಎಟಕುವಷ್ಟು ದೂರದಲ್ಲಿ, ಉಣ್ಣೆಯ ಹಿಂಬದಿಗೆ ಬೆರಳು ಒರೆಸಿ ಒರೆಸಿ ಗಟ್ಟಿಯಾದ ಕಂದು ಪದರವಿತ್ತು. ಅದರ ಕೆಳಗೆ ನೆಲದ ಫರ್ಸಿ ಕಲ್ಲಿನ ಮೇಲೆ ಬೆರಳುದ್ದದ ಚಪ್ಪಟೆ ಡಬ್ಬಿಯೊಂದು ಮಲಗಿತ್ತು.

ಮಷೀನು ಬಂದ್ ಮಾಡಿದ. ಜಾನಕೀಬಾಯಿ ಎದ್ದು ಬಂದು ಬಗ್ಗಿದರು. ಮೂಗಿನಿಂದ ಸೆರಗು ತೆಗೆದು, ಆ ವಾಸನೆಯನ್ನು ಪೂರ್ತಿಯಾಗಿ ಎಳೆದುಕೊಂಡರು.

“ನಸ್ಯಾ” ಎಂದರು.

ಧೀರೇಂದ್ರ ಗಲೀಚಾದ ಅಂಚನ್ನು ಇನ್ನಷ್ಟು ಮೇಲೆತ್ತಿದ.

“ಸ್ವಾಮಿಗಳ ಮುಂದ ಬಿಟ್ಟೆ ಅಂದಿದ್ರು.” ಡಬ್ಬಿಯನ್ನು ಕಾಲಬೆರಳಿನಿಂದ ಹೊರಳಿಸಿದರು. “ಉಣ್ಣಿಗೆ ಮೈಲಗಿ ಇಲ್ಲ, ಜಾನಕೀ. ಝಾಡಿಸಬ್ಯಾಡ, ಜಾನಕೀ. ಎತ್ತಬ್ಯಾಡ, ಜಾನಕೀ.” ಗಂಡನ ಪುರಾಣದ ರಾಗವನ್ನೇ ಹಿಡಿದು ಹೇಳುತ್ತಿದ್ದರು. “ಇಷ್ಟ ವರ್ಷ ಈ ಹೊಲಸಿನ ಮ್ಯಾಲೆ ಕೂತು, ಅವರ ಪುಣ್ಯಕ್ಕಂತ ಜಪಾ ಮಾಡೀನಿ ನಾ.”

ನಗು ಬಂತು ಅವರಿಗೆ. ನಗು ಕೆಮ್ಮಾಯಿತು, ಕೆಮ್ಮಿನಲ್ಲಿ ಕಣ್ಣೀರು ಬಂತು. ಧೀರೇಂದ್ರ ಬೆನ್ನು ನೀವಲು ಹೋದರೆ ಕೈ ತಳ್ಳಿದರು.

“ಥೂ, ಕಳ್ಳ” ಎಂದರು. ಗಂಡನನ್ನು ಅವರು ಏಕವಚನದಲ್ಲಿ ಅಂದದ್ದನ್ನು ಧೀರೇಂದ್ರ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಕಂಬಕ್ಕೆ ಒರಗಿ ಉಸಿರು ಸುಧಾರಿಸಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗಲೀಚಾದ ಒಂದು ತುದಿಯನ್ನು ತಾವೇ ಬಿಗಿಯಾಗಿ ಹಿಡಿದರು.

“ಏನ್ ನೋಡ್ತೀ? ಹಚ್ಚು ನಿನ್ನ ಸೊಂಡಿ. ಜಗ್ಗು. ಪೂರಾ ಜಗ್ಗು.”